ಅಲಾಸ್ಕಾ ಕ್ರೂಸ್: ಫಾರ್ಮಲ್ ಊಟದ ರಾತ್ರಿಗೆ ಮನೆಮಂದಿಯೆಲ್ಲ ಏನು ಉಡಬೇಕು? ಮಾವನವರ ಪಂಚೆ ನಡೆಯುತ್ತದೆಯೇ?

ತುಂಗಾತೀರ

ಜುಲೈನಲ್ಲಿ ನಾವು ಆರು ಜನ ಸಿಯಾಟಲ್‌ನಿಂದ ಏಳು ರಾತ್ರಿಯ ಅಲಾಸ್ಕಾ ಕ್ರೂಸ್ ಹೊರಡುತ್ತಿದ್ದೇವೆ. ಪ್ರಿನ್ಸೆಸ್ ಕಂಪನಿಯ ಹಡಗು. ನಾನು, ನನ್ನ ಗಂಡ, 14 ವರ್ಷದ ಮಗಳು, 6 ವರ್ಷದ ಮಗ, ಮತ್ತು ತೀರ್ಥಹಳ್ಳಿಯಿಂದ ಬಂದಿರುವ ಅತ್ತೆ, ಮಾವ. ಟಿಕೆಟ್ ಆಯಿತು, ಕೋಣೆ ಆಯಿತು, ಮಾವನವರಿಗೆ ಉಣ್ಣೆಯ ಟೋಪಿಯೂ ಆಯಿತು. ಆಮೇಲೆ ಬಂದ ಮಾಹಿತಿಯಲ್ಲಿ ಎರಡು ರಾತ್ರಿ ಫಾರ್ಮಲ್ ಊಟವಿದೆ ಎಂದು ಓದಿದೆ. ಗಂಡಸರಿಗೆ ಟಕ್ಸೀಡೊ (ಬೋ ಕಟ್ಟಿ ತೊಡುವ ಔತಣದ ಸೂಟು) ಅಥವಾ ಕಪ್ಪು ಸೂಟು, ಹೆಂಗಸರಿಗೆ ಈವ್ನಿಂಗ್ ಗೌನ್ ಎಂದು ಬರೆದಿದ್ದಾರೆ. ಅಂದಿನಿಂದ ಮನೆಯಲ್ಲಿ ಅದೇ ಮಾತು.

ಮಾವನವರಿಗೆ 74 ವರ್ಷ. ಹೈಸ್ಕೂಲು ಮೇಷ್ಟ್ರಾಗಿದ್ದವರು. ಪಂಚೆ, ಜುಬ್ಬ ಬಿಟ್ಟು ಬೇರೆ ಬಟ್ಟೆಯಲ್ಲಿ ನಾನು ಅವರನ್ನು ನೋಡಿದ್ದು ವಿಮಾನ ನಿಲ್ದಾಣದಲ್ಲಿ ಮಾತ್ರ. "ನನ್ನಿಂದ ನಿಮಗೆ ತೊಂದರೆ ಬೇಡ, ಆ ಎರಡು ರಾತ್ರಿ ನಾನು ಕೋಣೆಯಲ್ಲೇ ಹಣ್ಣು ತಿಂದು ಮಲಗುತ್ತೇನೆ" ಎಂದು ಎರಡು ಸಲ ಹೇಳಿದ್ದಾರೆ. ಈ ಮಾತೇ ನನ್ನನ್ನು ಕೊರೆಯುತ್ತಿದೆ. ಮಗಳಿಗೆ ಗೌನ್ ಬೇಕು, ಆದರೆ ಯಾವುದು ಎಂದು ಗೊತ್ತಿಲ್ಲ. ಮಗ ಕತ್ತಿನ ಗುಂಡಿ ಹಾಕಿದರೆ ಅಳುತ್ತಾನೆ. ಗಂಡ ಹತ್ತು ವರ್ಷದಿಂದ ಸೂಟು ಮುಟ್ಟಿಲ್ಲ.

ಹೋಗಿ ಬಂದವರು ಹೇಳಿ: ಹೊಸದಾಗಿ ಎಲ್ಲವನ್ನೂ ಕೊಳ್ಳಬೇಕೇ? ನಮ್ಮ ಹಬ್ಬದ ಬಟ್ಟೆ ನಡೆಯುತ್ತದೆಯೇ?

ಸರಳಜೀವಿ

ಆ ಊಟದ ಕೋಣೆಗೆ ಹೋಗಲೇಬೇಡಿ. ಮೇಲಿನ ಡೆಕ್ಕಿನಲ್ಲಿ ಬಫೆ ತೆರೆದಿರುತ್ತದೆ, ಅಲ್ಲಿ ಯಾರೂ ನಿಮ್ಮ ಬಟ್ಟೆ ನೋಡುವುದಿಲ್ಲ, ಕಿಟಕಿಯಾಚೆ ಕಡಲು ಕಾಣುತ್ತದೆ. ದುಡ್ಡು ಕೊಟ್ಟು ಹೋದವರು ಪರೀಕ್ಷೆಗೆ ಕೂರುವಂತೆ ಊಟಕ್ಕೆ ಕೂರಬೇಕೇ? ಈ ಗೊಡವೆಯೇ ಬೇಡ ಎನ್ನುವವರಿಗೆ ಕಂಪನಿಗಳೂ ಇವೆ. ನಾರ್ವೀಜಿಯನ್ ಕ್ರೂಸ್ ಲೈನ್ 2000ರ ಹೊತ್ತಿಗೇ ಕಡ್ಡಾಯ ಫಾರ್ಮಲ್ ರಾತ್ರಿಗಳನ್ನು ಕೈಬಿಟ್ಟಿತು. ನಾನು ಈಗ ಅಂಥ ಹಡಗಿನಲ್ಲಿ ಮಾತ್ರ ಹೋಗುತ್ತೇನೆ. ಕಾರಣವಿದೆ, ಆದರೆ ಈಗ ಬೇಡ.

ಮರಳದಂಡೆ

ತುಂಗಾತೀರ ಅವರೇ, ನಾನು ಮಂಗಳೂರಿನ ಕಡೆಯವನು. ಹನ್ನೊಂದು ವರ್ಷ ಹಡಗುಗಳ ಊಟದ ಕೋಣೆಯಲ್ಲಿ ಬಡಿಸುವ ಕೆಲಸ ಮಾಡಿದ್ದೇನೆ. ಈಗ ಊರಿನಲ್ಲಿ ಅಂಗಡಿ ಇಟ್ಟಿದ್ದೇನೆ. ಬಾಗಿಲಿನ ಒಳಗಡೆಯಿಂದ ನೋಡಿದವನ ಮಾತು ಎಂದು ಓದಿ.

ಮೊದಲು ನಿಮ್ಮ ಭಯ ಬಿಡಿ. ಹಬ್ಬಕ್ಕೆ ಉಡುವ ಸೀರೆಯನ್ನು ಯಾವ ಹಡಗಿನಲ್ಲೂ ಯಾರೂ ತಡೆಯುವುದಿಲ್ಲ. ಗೌನ್ ಉಟ್ಟು ಬಂದ ನೂರು ಜನರ ನಡುವೆ ರೇಷ್ಮೆ ಸೀರೆ ಉಟ್ಟವರು ಇಬ್ಬರಿದ್ದರೆ ಇಡೀ ಕೋಣೆ ಆ ಕಡೆಗೆ ತಿರುಗುತ್ತಿತ್ತು. ಗಂಡಸರಿಗೆ ಟಕ್ಸೀಡೊ ಕಡ್ಡಾಯವಲ್ಲ. ಕಪ್ಪು ಅಥವಾ ಕಡು ಬಣ್ಣದ ಸೂಟು ಸಾಕು. ಕೋಟಿಗೆ ಹೊಂದುವ ಪ್ಯಾಂಟು ಹಾಕಿದರೂ ನಡೆಯುತ್ತದೆ. ಕೊರಳು ಮುಚ್ಚುವ ಬಂದ್‌ಗಲಾ ಕೋಟು, ಉದ್ದನೆಯ ಶೇರ್ವಾನಿ, ಇವು ಫಾರ್ಮಲ್ ಅಲ್ಲ ಎಂದು ಯಾರೂ ಹೇಳಲಾರರು.

ಬಾಗಿಲಿನಲ್ಲಿ ನಿಂತವರು ನಿಜಕ್ಕೂ ನೋಡುವುದು ಬೇರೆಯದನ್ನು. ಚಡ್ಡಿ, ಈಜುಡುಗೆ, ತೋಳಿಲ್ಲದ ಬನಿಯನ್ನು, ಹರಿದ ಜೀನ್ಸು, ಕ್ರಿಕೆಟ್ ಆಡುವವರು ಹಾಕುವಂಥ ಟೋಪಿ, ಸ್ನಾನದ ಮನೆಯ ಚಪ್ಪಲಿ. ಕೊಳದಿಂದ ಎದ್ದು ನೇರವಾಗಿ ಊಟಕ್ಕೆ ಬರುವವರನ್ನು ತಡೆಯುವುದಕ್ಕೆ ಇರುವ ನಿಯಮ ಅದು. ಅಂದಗೆಡದ ಬಟ್ಟೆ ತೊಟ್ಟು, ಕಾಲಿಗೆ ಪಾದ ಮುಚ್ಚುವ ಷೂ ಹಾಕಿ ಬಂದವರ ಕಡೆಗೆ ನಮ್ಮವರು ಎರಡನೆಯ ಸಲ ನೋಡುತ್ತಿರಲಿಲ್ಲ.

ಸೀರೆ ಉಡುವವರಿಗೆ ಒಂದು ಮಾತು. ಫಾರ್ಮಲ್ ರಾತ್ರಿ ನಾವು ಹೆಂಗಸರ ಕುರ್ಚಿಯನ್ನು ಹಿಂದಿನಿಂದ ಹಿಡಿದು, ಅವರು ಕೂರುವಾಗ ಮುಂದಕ್ಕೆ ದೂಡುತ್ತೇವೆ. ಗೌನ್ ಉಟ್ಟವರಿಗೆ ಏನೂ ಆಗುವುದಿಲ್ಲ. ಸೀರೆಯ ಸೆರಗು ಮಾತ್ರ ಕುರ್ಚಿಯ ಹಿಂಗಾಲಿಗೆ ಸಿಕ್ಕುತ್ತದೆ. ನನ್ನ ಕೈಯಲ್ಲೇ ಒಮ್ಮೆ ಹಾಗಾಯಿತು: ಊಟ ಮುಗಿಸಿ ಅವರು ಎದ್ದಾಗ ಭುಜದ ಪಿನ್ನು ಕಿತ್ತು, ಹಳೆಯ ಕಾಂಜೀವರಂ ಸೀರೆ ಒಂದು ಗೇಣು ಹರಿಯಿತು. ಅವರ ಅಮ್ಮನ ಸೀರೆಯಂತೆ. ಅವರು ನನ್ನನ್ನು ಬೈಯಲಿಲ್ಲ, ನಾನು ಮಾತ್ರ ಆ ಶಬ್ದವನ್ನು ಮರೆತಿಲ್ಲ. ಹಾಗಾಗಿ ಕೂರುವ ಮೊದಲು ಸೆರಗನ್ನು ಮುಂದಕ್ಕೆ ತಂದು ಮಡಿಲಿನಲ್ಲಿ ಇಟ್ಟುಕೊಳ್ಳಿ, ಆಮೇಲೆ ಬಡಿಸುವವನಿಗೆ ಕುರ್ಚಿ ದೂಡಲು ಹೇಳಿ.

ಮಾವನವರನ್ನು ಕೋಣೆಯಲ್ಲಿ ಬಿಟ್ಟು ಹೋಗಬೇಡಿ. ಆ ರಾತ್ರಿ ಟೇಬಲ್ ತುಂಬಿರಬೇಕು. ಒಂದು ಕುರ್ಚಿ ಖಾಲಿ ಇದ್ದರೆ ಉಳಿದವರ ಮುಖ ಹೇಗಿರುತ್ತದೆ ಎಂಬುದನ್ನು ಬಡಿಸುವವನು ಮೊದಲು ಕಾಣುತ್ತಾನೆ.

ತುಂಗಾತೀರ

ಕಣ್ಣು ತುಂಬಿ ಬಂತು. ಅತ್ತೆಯವರಿಗೆ ಓದಿ ಹೇಳಿದೆ. "ಸೆರಗಿನ ವಿಷಯ ಬರೆದವನು ಒಳ್ಳೆಯ ಮನೆಯ ಹುಡುಗ" ಎಂದರು. ಹಾಗಾದರೆ ಯಾವ ಸೀರೆ? ಅತ್ತೆಯವರ ಹತ್ತಿರ ಇಲ್ಲಿ ಎರಡು ಕಂಚಿ, ಒಂದು ಮೈಸೂರು ಸಿಲ್ಕ್, ಒಂದು ಇಳಕಲ್ ಇದೆ. ಹಡಗಿನಲ್ಲಿ ಇಸ್ತ್ರಿ ಪೆಟ್ಟಿಗೆ ಸಿಗುತ್ತದೆಯೇ?

ಕಸೂತಿ

ನಾನು ಧಾರವಾಡದವಳು, ನ್ಯೂಜೆರ್ಸಿಯಲ್ಲಿ ಹದಿನೈದು ವರ್ಷದಿಂದ ನಮ್ಮವರ ಬಟ್ಟೆಗಳನ್ನು ಹೊಲಿಯುತ್ತೇನೆ, ಅಳತೆಗೆ ತಿದ್ದುತ್ತೇನೆ. ನಾಲ್ಕು ಕ್ರೂಸ್‌ಗೆ ಹೋಗಿದ್ದೇನೆ. ಎರಡನೇ ಮಾತಿಲ್ಲದೆ ಮೈಸೂರು ಸಿಲ್ಕ್ ತೆಗೆದುಕೊಂಡು ಹೋಗಿ.

ಕಾರಣ ಹೇಳುತ್ತೇನೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ಸೀರೆಯೆಂದರೆ ಕ್ರೇಪ್ ನೇಯ್ಗೆ. ನೂಲಿಗೇ ಬಿಗಿಯಾದ ಹುರಿ ಕೊಟ್ಟು ನೇಯುತ್ತಾರೆ. ಹಾಗಾಗಿ ಮಡಿಸಿಟ್ಟರೂ ಸುಕ್ಕು ನಿಲ್ಲುವುದಿಲ್ಲ, ರಾತ್ರಿ ಹ್ಯಾಂಗರಿಗೆ ನೇತು ಹಾಕಿದರೆ ಬೆಳಗ್ಗೆ ಹೊತ್ತಿಗೆ ಗೆರೆಗಳು ಇಳಿದಿರುತ್ತವೆ. ಮೈಗೆ ಅಂಟಿಕೊಂಡು ನಿಲ್ಲುತ್ತದೆ, ನಿರಿಗೆ ಬಿಚ್ಚಿಕೊಳ್ಳುವುದಿಲ್ಲ, ತೂಕ ಕಡಿಮೆ. ಕಂಚಿ ಸೀರೆ ಎಷ್ಟೇ ಚೆಂದವಿದ್ದರೂ ಸೂಟ್‌ಕೇಸಿನಲ್ಲಿ ಒಂದೇ ಮಡಿಕೆಯಲ್ಲಿ ಒತ್ತಿ ಕೂತರೆ ಜರಿ ಮುರಿಯುತ್ತದೆ. ಅದನ್ನು ಒಯ್ಯಲೇಬೇಕಾದರೆ ಹಳೆಯ ಮಲ್ಲು ಬಟ್ಟೆಯನ್ನು ಒಳಗಿಟ್ಟು ಸುರುಳಿ ಸುತ್ತಿ. ಇಳಕಲ್ ಅನ್ನು ಎರಡನೆಯ ರಾತ್ರಿಗೆ ಇಟ್ಟುಕೊಳ್ಳಿ. ಅದರ ಕೆಂಪು ಸೆರಗು ಹಡಗಿನ ಹಳದಿ ದೀಪದಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ನಾನು ಕಂಡಿದ್ದೇನೆ.

ಇಸ್ತ್ರಿ ಪೆಟ್ಟಿಗೆಯನ್ನು ಮನೆಯಿಂದ ಒಯ್ಯಬೇಡಿ. ಬೆಂಕಿಯ ಭಯದಿಂದ ಹಡಗಿಗೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ, ಆವಿಯಲ್ಲಿ ಸುಕ್ಕು ತೆಗೆಯುವ ಸಣ್ಣ ಯಂತ್ರವನ್ನೂ ಬಿಡುವುದಿಲ್ಲ. ನಿಮ್ಮ ಅದೃಷ್ಟಕ್ಕೆ ಪ್ರಿನ್ಸೆಸ್ ಹಡಗುಗಳಲ್ಲಿ ನಾವೇ ಬಟ್ಟೆ ಒಗೆದುಕೊಳ್ಳುವ ಕೋಣೆಗಳಿವೆ, ಅಲ್ಲಿ ಇಸ್ತ್ರಿಯೂ ಇರುತ್ತದೆ. ಫಾರ್ಮಲ್ ಸಂಜೆ ಐದು ಗಂಟೆಗೆ ಅಲ್ಲಿ ಸಾಲು ನಿಂತಿರುತ್ತದೆ, ಬೆಳಗಿನ ತಿಂಡಿಯ ಹೊತ್ತಿಗೆ ಹೋಗಿ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಇಂಥ ಕೋಣೆ ಇಲ್ಲ, ದುಡ್ಡು ಕೊಟ್ಟು ಮಾಡಿಸಬೇಕು. ಬೇರೆಯವರು ಓದುತ್ತಿದ್ದರೆ ಇದನ್ನು ನೆನಪಿಡಿ.

ಸೀರೆಯನ್ನು ನೆಲಕ್ಕಿಂತ ಎರಡು ಬೆರಳು ಮೇಲಕ್ಕೆ ಉಡಿಸಿ. ಸಿಯಾಟಲ್‌ನಿಂದ ಹೊರಟ ಹಡಗು ವ್ಯಾಂಕೂವರ್ ದ್ವೀಪದ ಹೊರಬದಿಯಲ್ಲಿ, ತೆರೆದ ಸಾಗರದಲ್ಲಿ ಹೋಗುತ್ತದೆ. ವ್ಯಾಂಕೂವರ್‌ನಿಂದ ಹೊರಡುವವರಿಗೆ ಸಿಗುವ ಶಾಂತ ನೀರು ನಿಮಗೆ ಆ ದಿನ ಸಿಗುವುದಿಲ್ಲ. ಮೊದಲ ಫಾರ್ಮಲ್ ರಾತ್ರಿ ಸಾಮಾನ್ಯವಾಗಿ ಆ ದಿನವೇ. ನೆಲ ಮೆಲ್ಲಗೆ ವಾಲುತ್ತಿರುವಾಗ ಎತ್ತರದ ಹಿಮ್ಮಡಿ ಬೇಡ, ಅತ್ತೆಯವರಿಗಂತೂ ಬೇಡವೇ ಬೇಡ. ಊಟದ ಕೋಣೆಯಲ್ಲಿ ಎ.ಸಿ. ಚಳಿ ಇರುತ್ತದೆ, ಶಾಲು ಇರಲಿ. ಭುಜಕ್ಕೆ ಒಂದರ ಬದಲು ಎರಡು ಪಿನ್ನು, ಎರಡರ ಕೆಳಗೂ ಒಂದೊಂದು ಮಣಿ ಅಥವಾ ಸಣ್ಣ ಗುಂಡಿ ಹಾಕಿ ಚುಚ್ಚಿ. ಎಳೆದರೂ ರೇಷ್ಮೆ ಸೀಳುವುದಿಲ್ಲ. ಮರಳದಂಡೆ ಅವರು ಹೇಳಿದ ಆ ಸೀರೆ ಉಳಿಯುತ್ತಿತ್ತು.

ಹಿಮದೂರು

ಬಟ್ಟೆಯ ನಡುವೆ ಬೇರೆ ಮಾತು, ಆದರೆ ಹೇಳದೆ ಇರಲಾರೆ. ಈ ಹಡಗುಗಳು ಅಮೆರಿಕದ ಬಾವುಟ ಹೊತ್ತವಲ್ಲ, ಬೇರೆ ದೇಶಗಳಲ್ಲಿ ನೋಂದಣಿಯಾದವು. ಅಮೆರಿಕದ 1886ರ ಕಾನೂನಿನ ಪ್ರಕಾರ ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಅಂಥ ಹಡಗು ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು. ಅದಕ್ಕೇ ನಿಮ್ಮ ಹಡಗು ವಿಕ್ಟೋರಿಯಾದಲ್ಲಿ ನಿಲ್ಲುವುದು. ವಿಕ್ಟೋರಿಯಾ ಇರುವುದು ಕೆನಡಾದಲ್ಲಿ. ಭಾರತದ ಪಾಸ್‌ಪೋರ್ಟ್ ಇರುವ ಅತ್ತೆ, ಮಾವನವರಿಗೆ ಕೆನಡಾದ ವೀಸಾ ಬೇಕು, ಅಮೆರಿಕದ ವೀಸಾ ಮತ್ತೆ ಒಳಬರಲು ಅವಕಾಶ ಇರುವಂಥದ್ದಾಗಿರಬೇಕು. ಸೀರೆ ಇಸ್ತ್ರಿ ಮಾಡುವ ಮೊದಲು ಇದನ್ನು ನೋಡಿ.

ತುಂಗಾತೀರ

ವೀಸಾ ಮಾರ್ಚ್‌ನಲ್ಲೇ ಆಗಿದೆ. ಕೇಳಿದ್ದಕ್ಕೆ ಧನ್ಯವಾದ.

ಅಟ್ಲಾಂಟಿಕ್ ದಾಟಿದವರು

ಸರಳಜೀವಿ ಅವರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಆ ಊಟವನ್ನು ಬಿಟ್ಟುಬಿಡಿ ಎಂದು ಯಾರಿಗೂ ಹೇಳಬಾರದು.

ನಾವು ದಂಪತಿ ಕ್ವೀನ್ ಮೇರಿ 2 ಹಡಗಿನಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಏಳು ರಾತ್ರಿ ಪ್ರಯಾಣ ಮಾಡಿದೆವು. ಇಂದಿಗೂ ಉಡುಪಿನ ಬಗ್ಗೆ ಗಟ್ಟಿಯಾಗಿ ನಿಂತಿರುವ ಕಂಪನಿ ಎಂದರೆ ಕ್ಯುನಾರ್ಡ್. ಸಂಜೆ ಆರರ ನಂತರ ಹಡಗಿನ ಬಹುಪಾಲು ಜಾಗಗಳಲ್ಲಿ ಹರಿದ ಜೀನ್ಸು, ಚಡ್ಡಿ ಇಲ್ಲ. ಗಾಲಾ ಎನ್ನುವ ಸಂಜೆಗಳಲ್ಲಿ ಡಿನ್ನರ್ ಜಾಕೆಟ್ ಅಥವಾ ಕಡು ಬಣ್ಣದ ಸೂಟು, ಬೋ ಅಥವಾ ಟೈ. ಅಷ್ಟು ಬಿಗಿಯಾದ ಅವರ ನಿಯಮದಲ್ಲೇ ಇನ್ನೊಂದು ಸಾಲಿದೆ: ತಮ್ಮ ತಮ್ಮ ದೇಶದ ಫಾರ್ಮಲ್ ಉಡುಪು ನಡೆಯುತ್ತದೆ. ಸ್ಕಾಟ್ಲೆಂಡಿನವರು ಚೌಕುಳಿಯ ಕಿಲ್ಟ್ ಉಟ್ಟು, ಮೊಣಕಾಲಿನವರೆಗೆ ಉಣ್ಣೆ ಕಾಲುಚೀಲ ಏರಿಸಿ ಬರುತ್ತಾರೆ. ಅವರ ಪಕ್ಕದಲ್ಲಿ ನಾನು ಮೈಸೂರಿನ ದರ್ಜಿ ಹೊಲಿದ ಕಪ್ಪು ಬಂದ್‌ಗಲಾ ಕೋಟು ತೊಟ್ಟು ಕೂತಿದ್ದೆ.

ಡಿನ್ನರ್ ಜಾಕೆಟ್ಟಿನ ಜೊತೆ ಸೊಂಟಕ್ಕೆ ಸುತ್ತುವ ನೆರಿಗೆಯ ಪಟ್ಟಿಯನ್ನು ನೋಡಿದ್ದೀರಲ್ಲ? ಅದರ ಹೆಸರು ಕಮರ್‌ಬಂಡ್. ನಮ್ಮ ಕಮರಬಂದವೇ. ಪಾರಸಿ, ಹಿಂದೂಸ್ತಾನಿಯ ಮಾತು. ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ನಮ್ಮವರ ನಡುಕಟ್ಟನ್ನು ನೋಡಿ, ಸೆಕೆಗೆ ವೇಸ್ಟ್‌ಕೋಟಿನ ಬದಲು ಅದನ್ನು ಸುತ್ತಿಕೊಂಡು ಊಟಕ್ಕೆ ಕೂತರು, ಆಮೇಲೆ ಅವರ ದೇಶಕ್ಕೂ ಒಯ್ದರು. ಅವರ ಅತಿ ಫಾರ್ಮಲ್ ಉಡುಪಿನ ನಡುವಿನಲ್ಲೇ ನಮ್ಮ ಬಟ್ಟೆ ಇದೆ. ನಿಮ್ಮ ಮಾವನವರು ಯಾರ ಮನೆಗೂ ಎರವಲು ಬಟ್ಟೆಯಲ್ಲಿ ಹೋಗಬೇಕಾಗಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರವನ್ನು ಮಾವನವರಿಗೆ ತೋರಿಸಿ. ಕೋಟು, ಮೈಸೂರು ಪೇಟ. ಆ ಉಡುಪಿನಲ್ಲಿ ಯಾವ ದೇಶದ ಯಾವ ಊಟಕ್ಕೆ ಹೋದರೂ ಅದಕ್ಕಿಂತ ಮೇಲಿನ ಫಾರ್ಮಲ್ ಇಲ್ಲ.

ಸರಳಜೀವಿ

ಹಾಗಾದರೆ ನನ್ನ ಕಾರಣವನ್ನೂ ಹೇಳಿಬಿಡುತ್ತೇನೆ.

ಆರು ವರ್ಷದ ಹಿಂದೆ ಅಪ್ಪ, ಅಮ್ಮನನ್ನು ಕೆರಿಬಿಯನ್ ಕಡೆಯ ಒಂದು ಹಡಗಿಗೆ ಕರೆದುಕೊಂಡು ಹೋಗಿದ್ದೆ. ಕಂಪನಿಯ ಹೆಸರು ಬೇಡ. ಅಪ್ಪ ಮಂಡ್ಯದ ರೈತ. ಫಾರ್ಮಲ್ ರಾತ್ರಿಗೆಂದೇ ಊರಿನಿಂದ ಜರಿಯಂಚಿನ ರೇಷ್ಮೆ ಪಂಚೆ, ಬಿಳಿ ಅಂಗಿ, ಶಲ್ಯ ತಂದಿದ್ದರು. ನನ್ನ ಮದುವೆಯಲ್ಲಿ ಉಟ್ಟದ್ದು. ಮೆಟ್ಟಿಲು ಇಳಿಯುವಾಗ ಅಭ್ಯಾಸಬಲದಿಂದ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡರು. ಕಾಲಲ್ಲಿ ಚಪ್ಪಲಿ. ಬಾಗಿಲಿನಲ್ಲಿ ನಿಂತಿದ್ದವಳು ನಮ್ಮ ಮುಂದೆ ಕೈ ಅಡ್ಡ ಹಿಡಿದು, ಕೊಳದ ಬಟ್ಟೆ ಬದಲಿಸಿ ಬನ್ನಿ ಎಂದಳು. ಅವಳಿಗೆ ಅದು ಟವೆಲ್ಲಿನ ಹಾಗೆ ಕಂಡಿತ್ತು. ನಾನು ಜಗಳಕ್ಕೆ ಇಳಿದೆ, ಮೇಲಿನವನು ಬಂದ, ಕ್ಷಮೆ ಕೇಳಿದ, ಒಳಗೆ ಬಿಟ್ಟರು. ಅಷ್ಟರಲ್ಲಿ ಅಪ್ಪ ಹಿಂದಕ್ಕೆ ತಿರುಗಿ ಲಿಫ್ಟಿನ ಕಡೆಗೆ ನಡೆದುಬಿಟ್ಟಿದ್ದರು. ಕೋಣೆಗೆ ಹೋಗಿ ನೋಡಿದರೆ ಪಂಚೆಯನ್ನು ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ಮಡಿಸಿ, ಪೆಟ್ಟಿಗೆಯ ತಳಕ್ಕೆ ಇಟ್ಟಿದ್ದರು. ಉಳಿದ ನಾಲ್ಕು ದಿನ ನನ್ನ ಪ್ಯಾಂಟು ಹಾಕಿಕೊಂಡರು. ಆಮೇಲೆ ಅವರು ಹಡಗಿನ ಮಾತು ಎತ್ತಿಲ್ಲ.

ನಿಯಮದ ಪುಸ್ತಕದಲ್ಲಿ ಒಂದು ಸಾಲು ಬರೆದರೆ ಸಾಲದು. ಬಾಗಿಲಿನಲ್ಲಿ ನಿಂತವರಿಗೆ ಪಂಚೆ ಎಂದರೆ ಏನೆಂದು ಗೊತ್ತಿರಬೇಕು.

ಮರಳದಂಡೆ

ಸರಳಜೀವಿ ಅವರೇ, ಓದಿ ತುಂಬ ಹೊತ್ತು ಸುಮ್ಮನೆ ಕುಳಿತೆ. ಅದು ಅವರ ತಪ್ಪು, ನಿಮ್ಮ ತಂದೆಯವರದ್ದಲ್ಲ.

ಆದರೆ ಇದನ್ನು ಓದಿ ತುಂಗಾತೀರ ಅವರ ಮಾವನವರು ಮತ್ತೆ ಕೋಣೆಯಲ್ಲೇ ಉಳಿಯುತ್ತೇನೆ ಎನ್ನಬಾರದು. ಅದಕ್ಕೆ ನಾನು ಕಂಡ ಉಪಾಯ ಹೇಳುತ್ತೇನೆ. ಹಡಗು ಹತ್ತಿದ ದಿನವೇ, ಮಧ್ಯಾಹ್ನ, ಊಟದ ಕೋಣೆ ಖಾಲಿ ಇರುವಾಗ ಅಲ್ಲಿಗೆ ಹೋಗಿ. ಮುಖ್ಯಸ್ಥರು ಟೇಬಲ್ ಬದಲಾವಣೆಗಾಗಿ ಕೂತಿರುತ್ತಾರೆ. ಮಾವನವರನ್ನು ಕರೆದುಕೊಂಡೇ ಹೋಗಿ. ನಾಳೆ ಇವರು ನಮ್ಮ ಸಾಂಪ್ರದಾಯಿಕ ಉಡುಪಿನಲ್ಲಿ ಬರುತ್ತಾರೆ ಎಂದು ಹೇಳಿ, ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ. ಅದೇ ಹೊತ್ತಿಗೆ ಊಟದ ಮಾತನ್ನೂ ಆಡಿ. ಸಸ್ಯಾಹಾರಿಗಳಾದರೆ ಹಿಂದಿನ ರಾತ್ರಿಯೇ ಹೇಳಿದರೆ ಮರುದಿನಕ್ಕೆ ಅನ್ನ, ದಾಲು, ಪಲ್ಯ ಮಾಡಿಕೊಡುತ್ತಾರೆ. ಅಡುಗೆಮನೆಯಲ್ಲಿ ನಮ್ಮವರು ಇದ್ದೇ ಇರುತ್ತಾರೆ. ಫಾರ್ಮಲ್ ರಾತ್ರಿಯ ಪಟ್ಟಿಯಲ್ಲಿ ಸೀಗಡಿ, ಲಾಬ್‌ಸ್ಟರ್ ಎಂದೆಲ್ಲ ಇರುತ್ತದೆ, ಅದನ್ನು ಓದಿ ಹಿರಿಯರು ಗಾಬರಿಯಾಗುವುದು ಬೇಡ.

ಪಂಚೆಯನ್ನು ಕಚ್ಚೆ ಹಾಕಿ ಉಡಿಸಿ. ಅಡ್ಡ ಪಂಚೆಗಿಂತ ಕಚ್ಚೆ ಪಂಚೆ ನಡೆಯಲು ಸಲೀಸು, ಹಡಗು ವಾಲಿದರೂ ಕಾಲಿಗೆ ತೊಡರುವುದಿಲ್ಲ, ಕಂಡವರಿಗೆ ಟವೆಲ್ಲು ಎನ್ನಿಸುವುದೂ ಇಲ್ಲ. ಮೇಲೆ ಮುಚ್ಚುಕೊರಳಿನ ಕೋಟು. ಕಾಲಿಗೆ ಕಪ್ಪು ಷೂ, ಕಾಲುಚೀಲ. ಒಳಗೆ ಬೇಕಾದರೆ ಉಣ್ಣೆಯ ಪಾಯಿಜಾಮ ಹಾಕಿಕೊಳ್ಳಲಿ, ಅಲಾಸ್ಕಾ ಅಲ್ಲವೇ.

ಎರಡುಜಡೆ

ನನಗೆ 19 ವರ್ಷ. 14ರಲ್ಲಿ ನಾನೂ ಇಂಥದೇ ಪ್ರವಾಸಕ್ಕೆ ಹೋಗಿದ್ದೆ, ಆದ್ದರಿಂದ ಮಗಳ ಪರವಾಗಿ ಬರೆಯುತ್ತೇನೆ. ದಯವಿಟ್ಟು ಅವಳಿಗಾಗಿ ನೀವೇ ತೀರ್ಮಾನ ಮಾಡಬೇಡಿ. ಅಮ್ಮ ನನಗೆ ಹೇಳದೆ ಭಾರವಾದ ಲೆಹಂಗಾ ತಂದಿದ್ದರು. ಅದನ್ನು ತೊಟ್ಟು ಊಟ ಮುಗಿದ ಮೇಲೆ ನನ್ನ ವಯಸ್ಸಿನವರ ಕ್ಲಬ್ಬಿಗೆ ಹೋಗುವಂತಿರಲಿಲ್ಲ, ಬದಲಿಸಿ ಬರುವಷ್ಟರಲ್ಲಿ ಎಲ್ಲರೂ ಬೇರೆ ಕಡೆಗೆ ಹೋಗಿದ್ದರು. ಆ ಸಂಜೆ ನಾನು ಅತ್ತುಬಿಟ್ಟೆ.

ನಮ್ಮ ವಯಸ್ಸಿನವರು ಅಲ್ಲಿ ಗೌನ್ ಎಂದು ತೊಡುವುದು ಮೊಣಕಾಲಿನ ಕೆಳಗೆ ಬರುವ ಸರಳ ಫ್ರಾಕ್ ಅಷ್ಟೆ. ಹೆಚ್ಚು ಬೆಲೆಯದ್ದು ಬೇಡ. ಒಂದು ರಾತ್ರಿ ಅವಳ ಇಷ್ಟದ ಫ್ರಾಕ್, ಇನ್ನೊಂದು ರಾತ್ರಿ ಅಜ್ಜಿಯ ಹಳೆಯ ಸೀರೆಯಲ್ಲಿ ಹೊಲಿಸಿದ ಉದ್ದಲಂಗ, ದಾವಣಿ. ಲಂಗಕ್ಕೆ ಜೇಬು ಇಡಿಸಿ. ಕೋಣೆಯ ಕಾರ್ಡು, ಮೊಬೈಲು ಇಡಲು ಜಾಗ ಇಲ್ಲದ ಬಟ್ಟೆಯನ್ನು ಯಾವ ಹುಡುಗಿಯೂ ಇಷ್ಟಪಡುವುದಿಲ್ಲ.

ಕಸೂತಿ

ಜೇಬಿನ ಮಾತು ಬಂಗಾರದಂಥದ್ದು. ಲಂಗದ ಬಲಬದಿಯ ಹೊಲಿಗೆಯಲ್ಲಿ ಇಡಿಸಿ, ಎಡಗಡೆ ದಾವಣಿಯ ನೆರಿಗೆ ಬರುತ್ತದೆ.

ಜಯನಗರ ನಾಲ್ಕನೇ ಬ್ಲಾಕ್

ನಾವು ಬೆಂಗಳೂರಿನಿಂದ ಸಿಂಗಪುರಕ್ಕೆ ಹೋಗಿ ಅಲ್ಲಿಂದ ನಾಲ್ಕು ರಾತ್ರಿಯ ಹಡಗು ಹತ್ತಿದ್ದೆವು. ಅಷ್ಟು ಚಿಕ್ಕ ಪ್ರವಾಸದಲ್ಲಿ ಫಾರ್ಮಲ್ ರಾತ್ರಿ ಒಂದೇ ಇತ್ತು. ನಮ್ಮ ಸುತ್ತ ಕುಳಿತಿದ್ದ ಅರ್ಧಕ್ಕರ್ಧ ಕುಟುಂಬಗಳು ಭಾರತದವು, ಕುರ್ತಾ, ಸೀರೆ, ಸಲ್ವಾರು ಎಲ್ಲವೂ ಇದ್ದವು. ಹಾಗಾಗಿ ಈ ಚಿಂತೆ ನಮಗೆ ಬರಲೇ ಇಲ್ಲ.

6 ವರ್ಷದ ಮಗನ ಬಗ್ಗೆ ಮಾತ್ರ ಹೇಳುತ್ತೇನೆ, ನನ್ನ ಮಗನೂ ಅದೇ ವಯಸ್ಸಿನವನಾಗಿದ್ದ. ಅಂಗಡಿಯ ಕುರ್ತಾಗಳ ಕೊರಳಿಗೆ ಜರಿ ಹೊಲಿದಿರುತ್ತಾರೆ, ಅದರ ಹಿಂಬದಿಯ ನೂಲು ತಂತಿಯ ಹಾಗೆ ಚುಚ್ಚುತ್ತದೆ. ಮಗು ಅಳುವುದು ಗುಂಡಿಗಲ್ಲ, ಅದಕ್ಕೆ. ಹಳೆಯ ಹತ್ತಿ ಪಂಚೆಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಕೊರಳಿನ ಒಳಗೆ ಹೊಲಿದೆ. ಅವತ್ತು ಎರಡು ಗಂಟೆ ಕಾಲ ಒಮ್ಮೆಯೂ ಕೊರಳಿಗೆ ಕೈ ಹಾಕಲಿಲ್ಲ. ಮತ್ತು ಬೇಗನೆಯ ಊಟದ ಸಮಯವನ್ನೇ ತೆಗೆದುಕೊಳ್ಳಿ, ಸಂಜೆ ಐದೂವರೆಯ ಸುಮಾರಿಗೆ ಇರುತ್ತದೆ. ಎಂಟರ ಊಟಕ್ಕೆ ಕೂತರೆ ಸಿಹಿ ಬರುವ ಹೊತ್ತಿಗೆ ಮಕ್ಕಳು ತಟ್ಟೆಯ ಮೇಲೆ ನಿದ್ದೆ ಹೋಗುತ್ತಾರೆ.

ತುಂಗಾತೀರ

ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೇನೆ. ವಿಶ್ವೇಶ್ವರಯ್ಯನವರ ಚಿತ್ರವನ್ನು ಮಾವನವರಿಗೆ ತೋರಿಸಿದೆ. "ಪೇಟ ಸನ್ಮಾನಕ್ಕೆ ಇಡುವುದು, ಊಟಕ್ಕೆ ನಾನೇ ಇಟ್ಟುಕೊಳ್ಳುವುದಿಲ್ಲ. ಕೋಟು ಆಗಬಹುದು" ಎಂದರು. ಒಪ್ಪಿದರು ಎಂಬುದೇ ನನಗೆ ದೊಡ್ಡದು. ಇಲ್ಲಿನ ಒಬ್ಬ ಗುಜರಾತಿ ದರ್ಜಿಗೆ ಹೊಲಿಯಲು ಕೊಟ್ಟಿದ್ದೇವೆ. ಗಂಡನಿಗೂ ಅದೇ ಬಟ್ಟೆಯಲ್ಲಿ ಒಂದು. ಬಂದು ಬರೆಯುತ್ತೇನೆ.

ತುಂಗಾತೀರ

ನಿನ್ನೆ ಮನೆಗೆ ಬಂದೆವು. ಬಟ್ಟೆ ಒಗೆಯುವ ಮೊದಲೇ ಬರೆಯಲು ಕೂತಿದ್ದೇನೆ.

ಮೊದಲ ದಿನ ಮರಳದಂಡೆ ಅವರು ಹೇಳಿದ ಹಾಗೆ ಮಧ್ಯಾಹ್ನವೇ ಊಟದ ಕೋಣೆಗೆ ಹೋದೆವು. ಅಲ್ಲಿ ಕುಳಿತಿದ್ದ ಮುಖ್ಯಸ್ಥರು ಫಿಲಿಪೀನ್ಸಿನವರು. ನಾನು ಮೊಬೈಲು ತೆಗೆಯುವಷ್ಟರಲ್ಲಿ ಅವರೇ ಹಿಂದಕ್ಕೆ ತಿರುಗಿ ಒಬ್ಬ ಹುಡುಗನನ್ನು ಕರೆದರು. ಕುಂದಾಪುರದ ಕಡೆಯವನು! ಮಾವನವರು ಅವನ ಶಾಲೆಯ ಹೆಸರು ಕೇಳಿದರು, ಅಲ್ಲಿನ ಹೆಡ್‌ಮಾಸ್ಟರು ತಮ್ಮ ಜೊತೆ ತರಬೇತಿಗೆ ಬಂದಿದ್ದವರು ಎಂದು ಗೊತ್ತಾಯಿತು. ವಾರವಿಡೀ ಅವನ ಟೇಬಲ್ಲೇ ನಮ್ಮದಾಯಿತು.

ಎರಡನೆಯ ದಿನವೇ ಫಾರ್ಮಲ್ ರಾತ್ರಿ. ಕಸೂತಿ ಅವರು ಬರೆದಂತೆ ಬೆಳಗಿನಿಂದಲೇ ಹಡಗು ವಾಲುತ್ತಿತ್ತು. ಅತ್ತೆ ಮಂಚ ಹಿಡಿದುಕೊಂಡು ಸೀರೆ ಉಟ್ಟರು, ನಾನು ನೆಲದ ಮೇಲೆ ಕುಳಿತು ನಿರಿಗೆ ಹಿಡಿದೆ. ಹಸಿರು ಮೈಸೂರು ಸಿಲ್ಕ್, ಸೂಟ್‌ಕೇಸಿನಿಂದ ತೆಗೆದಾಗ ಇದ್ದ ಗೆರೆಗಳು ಬೆಳಗ್ಗೆ ಇರಲಿಲ್ಲ. ಕಚ್ಚೆ ಪಂಚೆ ಉಡಲು ಮಾವನವರಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಕೋಟಿನ ಕೊರಳಿನ ಕೊಕ್ಕೆಯನ್ನು ಮಾತ್ರ ಮೊಮ್ಮಗಳು ಹಾಕಿದಳು. ಬಾಗಿಲಿನ ಹತ್ತಿರ ಬಂದಾಗ ನನ್ನ ಎದೆ ಡವಗುಟ್ಟುತ್ತಿತ್ತು, ಸರಳಜೀವಿ ಅವರ ತಂದೆಯವರೇ ನೆನಪಾಗುತ್ತಿದ್ದರು. ಬಾಗಿಲಿನಲ್ಲಿದ್ದವರು ನಮ್ಮ ಟೇಬಲ್ ಸಂಖ್ಯೆ ಕೇಳಿದರು. ಬೇರೆ ಏನನ್ನೂ ಕೇಳಲಿಲ್ಲ.

ಪಕ್ಕದ ಟೇಬಲ್ಲಿನಲ್ಲಿ ಟೆಕ್ಸಾಸ್‌ನಿಂದ ಬಂದ ವಯಸ್ಸಾದ ದಂಪತಿ ಇದ್ದರು. ಆತ ಟಕ್ಸೀಡೊ ತೊಟ್ಟಿದ್ದರು, ನಡುವಿಗೆ ಕೆಂಪು ಪಟ್ಟಿ. ಮಾವನವರು ಅವರಿಗೆ ಕಮರಬಂದದ ಕಥೆ ಹೇಳಿದರು. ಅವರ ಇಂಗ್ಲಿಷ್ ಪಾಠದ ಇಂಗ್ಲಿಷ್, ನಿಧಾನ, ಸ್ಪಷ್ಟ. ಆತ ಎದ್ದು ನಿಂತು ಆ ಪಟ್ಟಿಯನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಇಬ್ಬರೂ ಫೋಟೋ ತೆಗೆಸಿಕೊಂಡರು. ಹಡಗಿನ ಛಾಯಾಗ್ರಾಹಕರ ಮುಂದೆ ನಿಲ್ಲಲು ದುಡ್ಡಿಲ್ಲ, ಪ್ರತಿ ಬೇಕೆಂದರೆ ಮಾತ್ರ ಕೊಡಬೇಕು. ಆ ಒಂದನ್ನು ಕೊಂಡೆವು.

ಎರಡನೆಯ ಫಾರ್ಮಲ್ ರಾತ್ರಿ ಬಂದದ್ದು ಹಿಮನದಿ ನೋಡಿದ ದಿನ. ಬೆಳಗಿನಿಂದ ಡೆಕ್ಕಿನಲ್ಲಿ ಗಾಳಿಗೆ ನಿಂತು ಎಲ್ಲರೂ ಸುಸ್ತಾಗಿದ್ದೆವು, ಮಗ ನಾಲ್ಕು ಗಂಟೆಗೇ ಮಲಗಿಬಿಟ್ಟ. ನಾನು, ಅತ್ತೆ, ಗಂಡ ಸ್ವೆಟರಿನಲ್ಲೇ ಬಫೆಗೆ ಹೋದೆವು. ಸರಳಜೀವಿ ಅವರೇ, ಕಿಟಕಿಯಾಚೆಯ ಕಡಲಿನ ಬಗ್ಗೆ ನೀವು ಬರೆದದ್ದು ನಿಜ. ಮಾವನವರು ಮಾತ್ರ ಕೋಟು ತೊಟ್ಟರು, ಮಗಳು ಉದ್ದಲಂಗ ತೊಟ್ಟಳು, ಇಬ್ಬರೇ ಕೆಳಗಿನ ಊಟದ ಕೋಣೆಗೆ ಹೋದರು. ಎರಡು ಗಂಟೆಯ ಮೇಲೆ ಬಂದರು. ಕುಂದಾಪುರದ ಹುಡುಗ ಅವರಿಗೆ ಹುಳಿಯ ಹಾಗೆ ಏನೋ ಮಾಡಿಸಿ ತಂದಿದ್ದನಂತೆ. ಇಬ್ಬರೂ ಏನು ಮಾತಾಡಿದರು ಎಂದು ಮಗಳು ಇನ್ನೂ ಹೇಳಿಲ್ಲ.

ಕಸೂತಿ

ಪಿನ್ನು?

ತುಂಗಾತೀರ

ಎರಡು, ಮಣಿ ಹಾಕಿ. ಸೆರಗು ಒಂದು ನೂಲೂ ಎದ್ದಿಲ್ಲ.

ಸರಳಜೀವಿ

ಆ ಕೋಟಿಗೆ ಯಾವ ಬಟ್ಟೆ ತೆಗೆದುಕೊಂಡಿರಿ? ಅಪ್ಪನಿಗೆ ಈಗ 80. ಪಂಚೆ ಅದೇ ಪೆಟ್ಟಿಗೆಯಲ್ಲಿದೆ, ಅಮ್ಮ ಈ ಯುಗಾದಿಗೆ ಬಿಸಿಲಿಗೆ ಹಾಕಿದ್ದರಂತೆ. ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತಿದ್ದೇನೆ. ಕೇಳಿ ನೋಡುತ್ತೇನೆ.

ತುಂಗಾತೀರ

ತೆಳುವಾದ ಉಣ್ಣೆ, ಕಪ್ಪಲ್ಲ, ಕಡು ನೀಲಿ. ಎರಡೂವರೆ ಗಜ ಹಿಡಿಯಿತು, ಒಳಗೆ ಹತ್ತಿಯ ಅಸ್ತರಿ. ಹೊಲಿದು ಉಳಿದ ತುಂಡು ನನ್ನ ಹತ್ತಿರ ಇದೆ, ಬಣ್ಣ ನೋಡಲು ಕಳುಹಿಸುತ್ತೇನೆ. ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಹಾಕಿ.